ಒಂಬತ್ತು ಮನೆಗಳ ಬಾಡಿಗೆ ತಖ್ತೆ

ಬಾಗಿಲು ಕೀಸಿದ ಕೂಲಿ, ಒಂದು ರೂಪಾಯಿ ನಾಲ್ಕಾಣೆ. ಈ ಬಾಬ್ತು ಒಂದೇ ವರ್ಷದ ಪುಟಗಳಲ್ಲಿ ಏಳು ಸಲ ಬಂದಿದ್ದನ್ನು ನೋಡಿ ನನಗೆ ಮೊದಲು ನಗು ಬಂತು, ಆಮೇಲೆ ಸಿಟ್ಟು ಬಂತು. ಒಂಬತ್ತು ಮನೆಯವರು ಸೇರಿ ಒಬ್ಬ ವಯಸ್ಸಾದ ಹೆಂಗಸಿಗೆ ವರ್ಷಗಟ್ಟಲೆ ಟೋಪಿ ಹಾಕಿದ್ದಾರೆ ಎಂದು ತೀರ್ಮಾನಿಸುವುದಕ್ಕೆ ನನಗೆ ಹತ್ತು ನಿಮಿಷವೂ ಬೇಕಾಗಲಿಲ್ಲ.

ಆಗ ನಾನು ಹುಣಸೂರಿನಲ್ಲಿ ಒಬ್ಬ ವಕೀಲರ ಬಳಿ ಗುಮಾಸ್ತನಾಗಿದ್ದೆ. ನಯಾಪೈಸೆ ಇನ್ನೂ ಬಂದಿರಲಿಲ್ಲ. ಲೆಕ್ಕವೆಲ್ಲ ರೂಪಾಯಿ, ಆಣೆ, ಕಾಸಿನಲ್ಲೇ ನಡೆಯುತ್ತಿತ್ತು. ಬೇಸಗೆಯ ಕೊನೆಯಲ್ಲಿ ಒಂದು ಮಧ್ಯಾಹ್ನ ವಕೀಲರು ಕೆಂಪು ಬಟ್ಟೆಯ ಗಂಟೊಂದನ್ನು ತಂದು ನನ್ನ ಮೇಜಿನ ಮೇಲಿಟ್ಟರು. ಲಕ್ಷ್ಮಣತೀರ್ಥ ಹೊಳೆಯ ಕಡೆಗೆ ಇಳಿಯುವ ಬೀದಿಯಲ್ಲಿ ಒಂದು ಉದ್ದನೆಯ ವಠಾರವಿತ್ತು. ಹಿಂದೆ ಯಾವುದೋ ಕಾಲದಲ್ಲಿ ಕಾಫಿ ಮೂಟೆ ಇಡುತ್ತಿದ್ದ ಉಗ್ರಾಣ ಅದು. ನಡುವೆ ಅಡ್ಡಗೋಡೆ ಹಾಕಿ ಒಂಬತ್ತು ಮನೆ ಮಾಡಿದ್ದರು. ಅದರ ಒಡತಿ, ಎಲ್ಲರೂ ಯಜಮಾನಮ್ಮ ಎನ್ನುತ್ತಿದ್ದ ವಿಧವೆ, ಆ ಚಳಿಗಾಲದಲ್ಲಿ ತೀರಿಕೊಂಡಿದ್ದರು. ಈಗ ಆಸ್ತಿ ಅವರ ಅಳಿಯನಿಗೆ ಬಂದಿತ್ತು. ಕೃಷ್ಣರಾಜನಗರದಲ್ಲಿ ಅಕ್ಕಿ ಗಿರಣಿ ಇಟ್ಟಿದ್ದ ಆ ಅಳಿಯ ಕಂಪಲಾಪುರದ ಒಬ್ಬ ಹೊಗೆಸೊಪ್ಪಿನ ವ್ಯಾಪಾರಿಗೆ ವಠಾರವನ್ನು ಮಾರಲು ಮಾತಾಡಿದ್ದ.

"ಕೊಳ್ಳೋನು ಬಾಡಿಗೆ ತಖ್ತೆ ಕೇಳ್ತಿದ್ದಾನಯ್ಯ. ಯಾರು ಇದ್ದಾರೆ, ಚೀಟಿ ಇದೆಯೋ ಇಲ್ಲವೋ, ತಿಂಗಳಿಗೆ ಎಷ್ಟು, ಕೈಗೆ ನಿಜವಾಗಿ ಎಷ್ಟು ಬರುತ್ತೆ, ಎಲ್ಲಾ ಒಂದೇ ಹಾಳೇಲಿ ಕಾಣಬೇಕು. ಮೃಗಶಿರ ಮಳೆ ಹಿಡಿಯೋದ್ರೊಳಗೆ ಕ್ರಯ ಆಗ್ಬೇಕಂತೆ," ಎಂದರು ವಕೀಲರು.

ಮಳೆಗೂ ಕ್ರಯಕ್ಕೂ ಏನು ಸಂಬಂಧ ಎಂದು ನಾನು ಕೇಳಲಿಲ್ಲ. ಮಾರುವವರಿಗೆ ಯಾವಾಗಲೂ ಅವಸರ ಇದ್ದೇ ಇರುತ್ತದೆ.

ಗಂಟಿನಲ್ಲಿ ಬಾಡಿಗೆ ಚೀಟಿಗಳು ಮತ್ತು ಯಜಮಾನಮ್ಮ ತಮ್ಮ ಕೈಯಾರೆ ಬರೆದಿಟ್ಟ ವಸೂಲಿ ಪುಸ್ತಕಗಳಿದ್ದವು. ಆಕೆಗೆ ಒಂದು ಪದ್ಧತಿ. ರಿಪೇರಿ ತಾವು ಮಾಡಿಸುತ್ತಿರಲಿಲ್ಲ. ಬಾಡಿಗೆಗೆ ಇದ್ದವರೇ ಮಾಡಿಸಿಕೊಂಡು ಬಂದು ಹೇಳಬೇಕು. ಆಕೆ ಆ ತಿಂಗಳ ಬಾಡಿಗೆಯಲ್ಲಿ ಅಷ್ಟನ್ನು ವಜಾ ಹಾಕಿ, ಯಾತಕ್ಕೆ ಎಂದು ಪಕ್ಕದಲ್ಲಿ ಬರೆಯುವರು. ಬರೆಯುವಾಗ ಸುಮ್ಮನೆ ಬರೆಯುತ್ತಿರಲಿಲ್ಲ. 'ಐದನೇ ಮನೆಯವರು ಮತ್ತೆ ಬಾಗಿಲು ಕೀಸಿಸಿದರಂತೆ. ಇವರ ಬಾಗಿಲು ವರ್ಷವರ್ಷಕ್ಕೂ ಬೆಳೆಯುತ್ತದೆಯೋ ಏನೋ.' 'ನಾಲ್ಕನೇ ಮನೆಯ ಸೂರಿಗೆ ಆಸರೆ ಕಂಬ, ಎರಡು ರೂಪಾಯಿ. ಕಂಬ ನಾನು ನೋಡಿಲ್ಲ.' ಹೀಗೆ ಪುಟ ತುಂಬ ಗೊಣಗಾಟ. ಗೊಣಗಿದರೂ ವಜಾ ಮಾತ್ರ ತಪ್ಪದೆ ಕೊಟ್ಟಿದ್ದರು.

ನನಗೆ ತಖ್ತೆ ಬರೆಯುವುದೆಂದರೆ ಹೆಮ್ಮೆ. ಕಪ್ಪು ಶಾಯಿಯಲ್ಲಿ ಅಂಕಿ, ಕೆಂಪು ಶಾಯಿಯಲ್ಲಿ ತಿದ್ದುಪಡಿ, ರೂಲುದೊಣ್ಣೆ ಉರುಳಿಸಿ ಎಳೆದ ಗೆರೆ. ನನ್ನ ತಖ್ತೆಯನ್ನು ಮೈಸೂರಿನ ಕೋರ್ಟಿನಲ್ಲೂ ಹೊಗಳಿದ್ದಾರೆ ಎಂದು ವಕೀಲರು ಒಮ್ಮೆ ಹೇಳಿದ್ದೇ ಸಾಕಾಗಿತ್ತು ನನ್ನ ತಲೆ ತಿರುಗುವುದಕ್ಕೆ. ರಸೀದಿ ಇಲ್ಲದ ವಜಾವನ್ನು ಒಪ್ಪುವುದಿಲ್ಲ ಎಂದು ನಾನೇ ಒಂದು ನಿಯಮ ಮಾಡಿಕೊಂಡು, ಮರುದಿನ ಬೆಳಿಗ್ಗೆ ಪುಸ್ತಕ ಕಂಕುಳಲ್ಲಿಟ್ಟುಕೊಂಡು ವಠಾರಕ್ಕೆ ಹೋದೆ.

ಎರಡು ದಿನ ಮನೆಮನೆ ಸುತ್ತಿದೆ. ಚೀಟಿ ನೋಡಿ, ಮುಂಗಡ ಕೇಳಿ, ರಸೀದಿ ಕೇಳಿದೆ. ಬಡಗಿಯ ಕೂಲಿಗೆ ಯಾರಾದರೂ ರಸೀದಿ ಇಟ್ಟಿರುತ್ತಾರೆಯೇ? ಒಬ್ಬರಲ್ಲೂ ಇರಲಿಲ್ಲ. ಐದನೇ ಮನೆಯಲ್ಲಿ ಪುರಿ ಹುರಿದು ಮಾರುವ ಮುದುಕಿಯೊಬ್ಬಳಿದ್ದಳು. ಅವಳ ಮನೆಗೆ ಬಾಗಿಲೇ ಇರಲಿಲ್ಲ, ಗೋಣಿತಾಟು ತೂಗುಬಿಟ್ಟಿದ್ದಳು.

"ಬಾಗಿಲು ಕೀಸಿದ್ದಕ್ಕೆ ನಾಲ್ಕು ಸಲ ವಜಾ ತಗೊಂಡಿದ್ದೀಯಲ್ಲ, ಬಾಗಿಲೆಲ್ಲಮ್ಮಾ?" ಎಂದೆ.

"ಕೀಸಿ ಕೀಸಿ ಏನ್ ಉಳೀತದೆ ಸ್ವಾಮಿ? ಕೊನೀಗೆ ಒಲೆಗಾಕ್ದೆ," ಎಂದಳು.

ಕಳ್ಳಿಗೆ ನಾಲಿಗೆ ಬೇರೆ ಎಂದು ಮನಸ್ಸಿನಲ್ಲೇ ಅಂದುಕೊಂಡು ಅವಳ ಹೆಸರಿನ ಮುಂದೆ ಕೆಂಪು ಗೆರೆ ಎಳೆದೆ.

ಆರನೇ ಮನೆಯಲ್ಲಿ ಹಿಟ್ಟಿನ ಗಿರಣಿಯಲ್ಲಿ ಕೆಲಸ ಮಾಡುವ ಒಬ್ಬ ಹುಡುಗ ವಯಸ್ಸಿನ ಗಂಡ, ಅವನ ಹೆಂಡತಿ. ಮದುವೆಯಾಗಿ ಎರಡು ವರ್ಷ. ಹುಬ್ಬಿನ ಮೇಲೂ ಹಿಟ್ಟು ಕೂತ ಆ ಮನುಷ್ಯ ನನ್ನನ್ನು ಬಾಗಿಲ ಬಳಿ ಕರೆದುಕೊಂಡು ಹೋಗಿ ತೋರಿಸಿದ. ಹಳೇ ಬಾಗಿಲು ಮುಚ್ಚುತ್ತಲೇ ಇರಲಿಲ್ಲವಂತೆ. ಹಲಸಿನ ಹಲಗೆಯಲ್ಲಿ ಹೊಸದು ಮಾಡಿಸಿದ್ದ. ಹದಿನೆಂಟು ರೂಪಾಯಿ, ಎಂದರೆ ಅವನ ನಾಲ್ಕು ತಿಂಗಳ ಬಾಡಿಗೆ. ವಜಾ ಹಾಕಿಕೊಳ್ಳುತ್ತೇನೆ ಎಂದು ಯಜಮಾನಮ್ಮ ಬಾಯಲ್ಲಿ ಹೇಳಿದ್ದರು. ಪುಸ್ತಕಕ್ಕೆ ಏರಿಸುವ ಮೊದಲೇ ಹಾಸಿಗೆ ಹಿಡಿದರು.

"ಪುಸ್ತಕದಲ್ಲಿಲ್ಲ. ಬಾಯಿಮಾತಿಗೆ ಲೆಕ್ಕದಲ್ಲಿ ಜಾಗ ಇಲ್ಲ. ನಾಲ್ಕು ತಿಂಗಳದ್ದು ಬಾಕಿ ಅಂತಲೇ ಬರ್ಕೊಳ್ತೀನಿ," ಎಂದೆ.

"ಅಂಗಾರೆ ಈ ಬಾಗ್ಲು ಯಾರ್ದು ಸ್ವಾಮಿ?"

"ನಿನ್ನದೇ ಅಂತ ಇಟ್ಕೋ. ಮಾಲೀಕರ ಲೆಕ್ಕಕ್ಕೆ ಅದು ಬರೋದಿಲ್ಲ."

ಅವನು ಮುಖ ಸಣ್ಣದು ಮಾಡಿಕೊಂಡ. ಹೆಂಡತಿ ಒಳಗಿನಿಂದ ನೀರು ತಂದುಕೊಟ್ಟಳು. ಕುಡಿದು ಎದ್ದು ಬಂದೆ. ಎರಡನೇ ದಿನದ ಸಂಜೆ ಒಂಬತ್ತೂ ಮನೆಯವರನ್ನು ಜಗಲಿಯ ಮೇಲೆ ಕೂಡಿಸಿ, ಯಾರು ಯಾರು ಎಷ್ಟೆಷ್ಟು ಬಾಕಿ ಕಟ್ಟಬೇಕು ಎಂದು ಓದಿ ಹೇಳಿದೆ. ಗಟ್ಟಿಯಾಗಿಯೇ ಓದಿದೆ.

ಚೊಕ್ಕ ಪ್ರತಿ ಮಾಡಲು ಕೂತಾಗ ಕೆಲಸ ಬೇರೆ ದಾರಿ ಹಿಡಿಯಿತು. ಯಜಮಾನಮ್ಮ ಬರೆದದ್ದು ತಾರೀಖಿನ ಪ್ರಕಾರ. ನನಗೆ ಬೇಕಾದದ್ದು ಮನೆಯ ಪ್ರಕಾರ. ಹಾಗಾಗಿ ದೊಡ್ಡ ಹಾಳೆಯೊಂದನ್ನು ಹಾಸಿ, ಮೇಲಿನಿಂದ ಕೆಳಗೆ ಒಂದರಿಂದ ಒಂಬತ್ತರವರೆಗೆ ಮನೆ, ಎಡದಿಂದ ಬಲಕ್ಕೆ ವರ್ಷ ಎಂದು ಚೌಕಗಳನ್ನು ಎಳೆದು, ಪುಸ್ತಕದ ಒಂದೊಂದೇ ವಜಾವನ್ನು ಅದರದರ ಜಾಗಕ್ಕೆ ತುಂಬುತ್ತ ಹೋದೆ.

ಮೊದಲ ಕೆಲವು ವರ್ಷ ಬರೀ ಹೆಂಚು, ಸುಣ್ಣ, ಅಲ್ಲೊಂದು ಇಲ್ಲೊಂದು. ಆಮೇಲೆ ಒಂದು ವರ್ಷ ಐದನೇ ಮನೆಯಲ್ಲಿ ಬಾಗಿಲು ಕೀಸಿದ್ದು. ಮಾರನೇ ವರ್ಷ ಐದರ ಜೊತೆಗೆ ನಾಲ್ಕು ಮತ್ತು ಆರು. ಅದರ ಮುಂದಿನ ವರ್ಷ ಮೂರು ಮತ್ತು ಏಳೂ ಸೇರಿದವು. ಆ ಹೊತ್ತಿಗೆ ನಾಲ್ಕು, ಐದು, ಆರರಲ್ಲಿ ಬಾಗಿಲಿನ ಮಾತು ಹೋಗಿ ಆಸರೆ ಕಂಬದ ಮಾತು ಬಂದಿತ್ತು. ಗೋಡೆಯ ಬಿರುಕಿಗೆ ಮಣ್ಣು ಮೆತ್ತಿದ್ದು, ಮತ್ತೆ ಮೆತ್ತಿದ್ದು. ಕೊನೆಯ ವರ್ಷದಲ್ಲಿ ಎರಡು ಮತ್ತು ಎಂಟು. ಹಾಳೆಯ ಮೇಲೆ ನಡುಮನೆಯಿಂದ ಹೊರಟ ಗುರುತುಗಳು ಎರಡೂ ಕಡೆಗೆ ಹರಡಿಕೊಂಡು ಹೋಗಿದ್ದವು. ಬಟ್ಟೆಯ ಮೇಲೆ ಎಣ್ಣೆ ಚೆಲ್ಲಿದರೆ ಹರಡುತ್ತದಲ್ಲ, ಹಾಗೆ.

ಮೋಸ ಮಾಡುವವರು ಸಾಲಾಗಿ ಮಾಡುವುದಿಲ್ಲ. ಒಬ್ಬರು ಕಲಿತದ್ದನ್ನು ಪಕ್ಕದವರು ಮರುವರ್ಷದವರೆಗೆ ಕಾದು ಕಲಿಯುವುದಿಲ್ಲ. ಲೇಖನಿ ಕೆಳಗಿಟ್ಟೆ.

ಅದು ಶುರುವಾದ ವರ್ಷ ಅಲ್ಲಿ ಹೊಸದಾಗಿ ಏನಾಯಿತು ಎಂದು ಚೀಟಿಗಳನ್ನು ಮತ್ತೆ ಕೆದಕಿದೆ. ಹತ್ತನೇ ಚೀಟಿ ಸಿಕ್ಕಿತು. ವಠಾರದ ಹಿಂದಿನ ಖಾಲಿ ಜಾಗವನ್ನು ಒಬ್ಬ ಮರದ ವ್ಯಾಪಾರಿಗೆ ದಿಮ್ಮಿ ಇಡಲು ಕೊಟ್ಟದ್ದು, ಅಳಿಯನೇ ಸಾಕ್ಷಿ ಹಾಕಿದ್ದು. ಒಂಬತ್ತು ಮನೆಯಿಂದ ತಿಂಗಳಿಗೆ ನಲವತ್ತೆರಡು ರೂಪಾಯಿ ಬಂದರೆ ಆ ಹಿತ್ತಲೊಂದರಿಂದಲೇ ನಲವತ್ತು ಬರುತ್ತಿತ್ತು. ವಠಾರ ಕೊಳ್ಳಲಿದ್ದ ಕಂಪಲಾಪುರದವರಿಗೆ ಆಸೆ ಹುಟ್ಟಿಸಿದ್ದೂ ಆ ನಲವತ್ತೇ. ನಾನು ಅದನ್ನು ಮೊದಲ ದಿನವೇ ತಖ್ತೆಗೆ ಏರಿಸಿದ್ದೆ. ಹಿತ್ತಲನ್ನು ಮಾತ್ರ ಕಣ್ಣಲ್ಲಿ ನೋಡಿರಲಿಲ್ಲ.

ಮರುದಿನ ನಮ್ಮ ಬೀದಿಯ ಗಾರೆ ಮೇಸ್ತ್ರಿಯನ್ನು ಕರೆದುಕೊಂಡು ಹಿತ್ತಲಿಗೆ ಹೋದೆ. ಕಾಕನಕೋಟೆಯ ಕಾಡಿನಿಂದ ಬಂದ ತೇಗ, ಹೊನ್ನೆ, ಮತ್ತಿಯ ದಿಮ್ಮಿಗಳು. ತುದಿಯಲ್ಲಿ ಅರಣ್ಯ ಇಲಾಖೆಯ ಸುತ್ತಿಗೆ ಗುರುತು. ರಾಶಿ ಜಾರದಂತೆ ನೆಟ್ಟಿದ್ದ ಗೂಟಗಳು ಯಾವತ್ತೋ ಕುಂಬಾಗಿ ಮುರಿದಿದ್ದವು. ಈಗ ಆ ರಾಶಿಯನ್ನು ತಡೆದು ನಿಲ್ಲಿಸಿದ್ದದ್ದು ವಠಾರದ ಹಿಂಗೋಡೆ. ಬರೀ ಮಣ್ಣಿನ ಗೋಡೆ. ದಿಮ್ಮಿಗಳು ಸೂರಿನ ಅಂಚಿನವರೆಗೆ ಏರಿ ಅದಕ್ಕೆ ಒರಗಿಕೊಂಡಿದ್ದವು. ನಡುವಿನ ಸಂದಿಯಲ್ಲಿ ತೊಗಟೆ ಕೊಳೆತು ಬೇಸಗೆಯಲ್ಲೂ ಒದ್ದೆಯಾಗಿತ್ತು.

ಮೇಸ್ತ್ರಿ ಮುದುಕಿಯ ಮನೆಯ ಒಳಗೆ ಹೋಗಿ, ಗೋಡೆಯ ತಲೆಯಿಂದ ತೂಗುಗುಂಡು ಇಳಿಬಿಟ್ಟ. ನೆಟ್ಟಗಿದ್ದ ಗೋಡೆಯಾಗಿದ್ದರೆ ದಾರ ಗೋಡೆಯ ಪಕ್ಕದಲ್ಲೇ ಇಳಿಯಬೇಕು. ಇಲ್ಲಿ ಗುಂಡು ಗೋಡೆಯ ಬುಡದಿಂದ ಒಂದು ಗೇಣು ನಾಲ್ಕು ಬೆರಳು ದೂರದಲ್ಲಿ, ಒಳಗಡೆ, ಮುದುಕಿಯ ಪುರಿ ಬಾಣಲೆಯ ಮೇಲೆ ತೂಗಾಡಿತು.

"ಹಿಂದ್ಲ ಗ್ವಾಡೆ ಒಳೀಕೆ ಬಂದಂಗೆಲ್ಲಾ ತೊಲೆ ಮುಂದ್ಲ ಗ್ವಾಡೆನ ನೂಕ್ತದೆ. ಅದಕ್ಕೇಯ ಬಾಗ್ಲು ಇಡಕೊಳ್ಳೋದು," ಎಂದ ಅವನು, ಹೊರಗೆ ಬಂದ ಮೇಲೆ. "ಬುಡ ಒಂದ್ಸಲ ಚೆನ್ನಾಗಿ ನೆನೀತು ಅಂದ್ರೆ ಮುಗೀತು ಕಣ್ ಸ್ವಾಮಿ. ಮಲಗಿರೋರು ಏಳಾಕಿಲ್ಲ."

"ದಿಮ್ಮಿ ತೆಗೆಸಿದ್ರೆ?"

"ಮ್ಯಾಲಿಂದ ಒಂದೊಂದೇ ಇಳಿಸ್ಬೇಕು. ಅದಿನೈದು ದಿನ ಬೇಕು. ಮಳೆ ಮೋಡ ನೋಡಿ ಅತ್ಲಾಗೆ."

ಪಿರಿಯಾಪಟ್ಟಣದ ಕಡೆ ಆಕಾಶ ಕಪ್ಪಗಿತ್ತು.

ಕೃಷ್ಣರಾಜನಗರದ ಬಸ್ಸು ಹಿಡಿದು ಅಳಿಯನ ಗಿರಣಿಗೆ ಹೋದೆ. ಮನುಷ್ಯನಿಗೆ ವಿಷಯ ತಿಳಿದರೆ ಸಾಕು, ಅಂದೇ ಆಳುಗಳನ್ನು ಕಳಿಸುತ್ತಾನೆ ಎಂದು ದಾರಿಯುದ್ದಕ್ಕೂ ನಂಬಿದ್ದೆ. ಆತ ಕಾಫಿ ತರಿಸಿದ. ನನ್ನ ಹಾಳೆಯನ್ನು ಮೊಣಕಾಲ ಮೇಲೆ ಹರಡಿ, ಗುರುತುಗಳ ಮೇಲೆ ಬೆರಳಾಡಿಸಿ, ಚೆನ್ನಾಗಿ ಬರೆದಿದ್ದೀರಿ ಎಂದ.

"ಇದೇನು ನನಗೆ ಗೊತ್ತಿಲ್ದೇ ಇರೋದೇನ್ರೀ ಗುಮಾಸ್ತರೇ? ನಮ್ಮತ್ತೆ ಎರಡು ಸಲ ಕಾಗದ ಬರೆದಿದ್ರು, ದಿಮ್ಮಿ ತೆಗೆಸಪ್ಪ ಅಂತ. ತೆಗೆಸಿದ್ರೆ ನಲವತ್ತು ರೂಪಾಯಿ ಯಾರು ಕೊಡ್ತಾರೆ?"

"ಮಳೆ ಬಂದ್ರೆ ಜನ ಸಾಯ್ತಾರೆ ಸಾರ್."

"ಕ್ರಯ ಆಗೋವರೆಗೂ ನಿಂತಿರುತ್ತೆ ಬಿಡಿ. ಆಮೇಲೆ ಕೊಂಡೋನ ಹಣೆಬರಹ. ನಿಮ್ಮ ತಖ್ತೆಯಲ್ಲಿ ಗೋಡೆಗೆ ಕಾಲಮ್ ಇಲ್ಲ ಅಲ್ವೇ?" ಎಂದು ನಕ್ಕ. ಕೋಪವಾಗಲಿ ಗದರಿಕೆಯಾಗಲಿ ಅವನಲ್ಲಿ ಇರಲಿಲ್ಲ. ಅದೇ ನನಗೆ ಹೆಚ್ಚು ಭಯ ಹುಟ್ಟಿಸಿತು.

ವಕೀಲರ ಬಳಿ ಎಲ್ಲವನ್ನೂ ಹೇಳಿದೆ. ಅವರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. "ಕಕ್ಷಿದಾರ ನಮ್ಮ ಹತ್ರ ಆಡಿದ ಮಾತು ನಮ್ಮ ಹತ್ರಾನೇ ಇರಬೇಕು ಕಣಯ್ಯ. ನಿನಗೆ ವಹಿಸಿದ್ದು ತಖ್ತೆ. ಅದನ್ನು ಮುಗಿಸಿಕೊಡು," ಎಂದರು. ಕೆಟ್ಟವರಲ್ಲ ಅವರು. ಆದರೆ ಆ ದಿನ ಅವರ ಮೇಲೆ ನನಗೆ ಬಂದ ಅಸಹ್ಯ ಇವತ್ತಿಗೂ ಪೂರ್ತಿ ಹೋಗಿಲ್ಲ.

ಎರಡು ಮಧ್ಯಾಹ್ನ ಜಡಿಮಳೆಯಾಯಿತು. ಮೂರನೇ ದಿನ ನಾನು ವಠಾರದ ಜಗಲಿ ಹತ್ತಿ, ಎಲ್ಲರನ್ನೂ ಕರೆದು, ಗೋಡೆ ಬೀಳುತ್ತದೆ, ಮನೆ ಬಿಟ್ಟು ಹೋಗಿ ಎಂದೆ. ಯಾರೂ ಎದ್ದೇಳಲಿಲ್ಲ.

ಪುರಿಯ ಮುದುಕಿಯೇ ಬಾಯಿ ಬಿಟ್ಟಳು. "ಮೊನ್ನೆ ಬಂದು ಬಾಕಿ ಕಟ್ಟಿ ಅಂದ್ರಿ. ಇವತ್ತು ಮನೆ ಬುಡಿ ಅಂತೀರಿ. ನಾವ್ ಅತ್ಲಾಗ್ ವೋಗದೇ ತಡ, ಇತ್ಲಾಗೆ ಬೀಗ ಆಕ್ಕೊಂಡು ಡಬಲ್ ಬಾಡ್ಗೆಗೆ ಕೊಡಾಕೆ ಅಲ್ವಾ? ನಮ್ಗೇನ್ ಗೊತ್ತಾಗಲ್ವಾ?"

"ಗೋಡೆ ಸೊಟ್ಟಗಿರೋದು ನಿನ್ನ ಕಣ್ಣಿಗೇ ಕಾಣ್ತಿಲ್ವೇನಮ್ಮ?"

"ಕಾಣ್ತದೆ. ಏಳ್ ವರ್ಸದಿಂದ ಕಾಣ್ತದೆ. ನೀವ್ ಕಂಡಿದ್ದು ಮೊನ್ನೆ."

ಅವರು ಹೇಳುತ್ತಿದ್ದದ್ದರಲ್ಲಿ ತಪ್ಪೇ ಇರಲಿಲ್ಲ. ಬಾಡಿಗೆ ಕಾಯಿದೆ ಬಂದ ಮೇಲೆ, ಒಳಗೆ ಇರುವವರನ್ನು ಸುಲಭವಾಗಿ ಎಬ್ಬಿಸುವಂತಿರಲಿಲ್ಲ. ತಾವಾಗಿ ಹೊಸ್ತಿಲು ದಾಟಿದವರಿಗೆ ಮಾತ್ರ ಯಾವ ಆಧಾರವೂ ಉಳಿಯುತ್ತಿರಲಿಲ್ಲ. ನಾಲ್ಕೂವರೆ ರೂಪಾಯಿಗೆ ಹುಣಸೂರಿನಲ್ಲಿ ಇನ್ನೊಂದು ಮನೆ ಸಿಕ್ಕುವ ಕಾಲವೂ ಅದಾಗಿರಲಿಲ್ಲ. ವಜಾ ಒಪ್ಪದೆ ಅವರನ್ನೆಲ್ಲ ಕಳ್ಳರೆಂದು ಜಗಲಿಯ ಮೇಲೆ ಓದಿದವನು ನಾನೇ. ನನ್ನ ಬಾಯಿಂದ ಬಂದ ಎಚ್ಚರಿಕೆಯನ್ನು ಅವರು ಯಾಕೆ ನಂಬಬೇಕು?

"ಬರ್ದು ಕೊಡ್ರಿ," ಎಂದ ಆರನೇ ಮನೆಯ ಗಿರಣಿಯವನು. "ಗ್ವಾಡೆ ಸರಿ ಮಾಡಿ ಮನೆ ನಮಗೇ ಕೊಡ್ತೀವಿ ಅಂತ. ಮಾಲೀಕರ ರುಜು ಆಕ್ಸಿ ಕೊಡ್ರಿ. ಇವತ್ತೇ ಎದ್ದೋಯ್ತೀವಿ."

ಮಾಲೀಕ ರುಜು ಹಾಕುವುದಿಲ್ಲ ಎಂದು ನನಗೆ ಗೊತ್ತಿತ್ತು. ಚೀಟಿ ಪರಿಶೀಲಿಸಿ ರಸೀದಿ ಕೊಡಲು ಆತ ನನ್ನ ಹೆಸರಿಗೆ ಒಂದು ಅಧಿಕಾರ ಪತ್ರ ಕೊಟ್ಟಿದ್ದ. ಅದರಲ್ಲಿ ಅದಕ್ಕಿಂತ ಹೆಚ್ಚಿನ ಒಂದು ಅಕ್ಷರವೂ ಇರಲಿಲ್ಲ. ಕಚೇರಿಗೆ ಹೋಗಿ ಛಾಪಾ ಕಾಗದ ತಂದೆ. ದುಡ್ಡು ನನ್ನದೇ. ಜಗಲಿಯ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು ಒಂಬತ್ತು ಕಾಗದ ಬರೆದೆ. ಗೋಡೆ ರಿಪೇರಿಗಾಗಿ ಮನೆ ತೆರವು ಮಾಡಿಸಲಾಗಿದೆ, ರಿಪೇರಿ ಮುಗಿದ ಮೇಲೆ ಇದೇ ಬಾಡಿಗೆಗೆ ಇದೇ ಮನೆಯನ್ನು ಇವರಿಗೇ ಕೊಡತಕ್ಕದ್ದು, ಅಲ್ಲಿಯವರೆಗೆ ಬಾಡಿಗೆ ಇಲ್ಲ. ಕೆಳಗೆ 'ಮಾಲೀಕರ ಅಪ್ಪಣೆ ಮೇರೆಗೆ' ಎಂದು ಬರೆದು ನನ್ನ ರುಜು ಹಾಕಿದೆ. ಒಂಬತ್ತು ಸಲವೂ ಅದೇ ಸುಳ್ಳು ಬರೆದೆ.

ಗಿರಣಿಯವನು ತನ್ನ ಕಾಗದವನ್ನು ಓದಿಸಿಕೊಂಡು ಕೇಳಿ, "ನನ್ ಬಾಗ್ಲಿಂದೂ ಒಂದ್ ಸಾಲು ಸೇರ್ಸಿ ಸ್ವಾಮಿ, ಅದಿನೆಂಟು ರೂಪಾಯಿ ವಜಾ ಅಂತ," ಎಂದ.

ಒಂದು ಸಾಲು ಬರೆಯಬಹುದಿತ್ತು. ಇಷ್ಟೊಂದು ಸುಳ್ಳು ಬರೆದವನಿಗೆ ಅದೊಂದು ನಿಜ ಬರೆಯಲು ಕಷ್ಟವೇನಿತ್ತು? ಆದರೆ ಆ ಹದಿನೆಂಟನ್ನು ನಾನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದ್ದೆ. ಬರೆದರೆ ನನ್ನ ತಖ್ತೆ ತಪ್ಪೆಂದು ನಾನೇ ಒಪ್ಪಿದ ಹಾಗೆ. "ಅದು ಬೇರೆ ವಿಷಯ. ಆಮೇಲೆ ನೋಡೋಣ, ಮೊದಲು ಸಾಮಾನು ಎತ್ತು," ಎಂದು ಗದರಿದೆ.

ಎರಡು ದಿನದಲ್ಲಿ ವಠಾರ ಖಾಲಿಯಾಯಿತು. ಕೆಲವರು ಛತ್ರಕ್ಕೆ, ಕೆಲವರು ನೆಂಟರ ಊರಿಗೆ. ಮುದುಕಿ ಬಾಣಲೆ ಹೊತ್ತುಕೊಂಡು ಸಂತೆಮಾಳದ ಒಂದು ಚಪ್ಪರದಡಿ ಸೇರಿದಳು. ಗಿರಣಿಯವನು ಹೆಂಡತಿಯನ್ನು ಅವಳ ಅಣ್ಣನ ಮನೆಗೆ, ಎರಡು ಮೈಲಿ ಆಚೆಯ ಹಳ್ಳಿಗೆ ಸೇರಿಸಿದ. ಹೋಗುವಾಗ ಒಬ್ಬೊಬ್ಬರೂ ಕಾಗದವನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಆ ಕಾಗದಗಳ ಹಿಂದೆ ಇದ್ದದ್ದು ನಾನೊಬ್ಬನೇ.

ಮಳೆ ಹಿಡಿಯಿತು. ನಾನು ದಿನಾ ಕಚೇರಿಯಿಂದ ಊಟಕ್ಕೆ ಹೋಗುವಾಗ ವಠಾರದ ಮುಂದೆ ಹಾದು ಗೋಡೆಯನ್ನು ನೋಡಿಕೊಂಡು ಹೋಗುತ್ತಿದ್ದೆ. ಮೊದಲ ದಿನ ನಿಂತಿತ್ತು. ಎರಡನೇ ದಿನವೂ ನಿಂತಿತ್ತು. ಮೂರನೇ ದಿನ ಬೀಳದಿದ್ದರೆ ಜನ ವಾಪಸು ಬಂದುಬಿಡುತ್ತಾರಲ್ಲ ಎಂಬ ಹೆದರಿಕೆ ಒಂದು ಕಡೆ, ನಾನು ಸುಳ್ಳನಾಗುತ್ತೇನಲ್ಲ ಎಂಬ ನಾಚಿಕೆ ಇನ್ನೊಂದು ಕಡೆ. ಬಿದ್ದುಹೋಗಲಿ ಎಂದು ನಾನು ಮನಸ್ಸಿನಲ್ಲಿ ಬೇಡಿಕೊಂಡದ್ದೂ ಉಂಟು. ಅದನ್ನು ಇಲ್ಲಿ ಮುಚ್ಚಿಟ್ಟು ಪ್ರಯೋಜನವಿಲ್ಲ.

ನಾಲ್ಕನೇ ದಿನ ಮಧ್ಯಾಹ್ನ ಮಳೆ ಸ್ವಲ್ಪ ಬಿಟ್ಟಿತ್ತು. ವಠಾರದ ಹತ್ತಿರ ಬಂದಾಗ ಒಳಗಿನಿಂದ ಠಕ್ ಠಕ್ ಎಂದು ಶಬ್ದ ಕೇಳಿಸಿತು. ಛತ್ರಿ ಮಡಿಸಿ ಬೀದಿಯಿಂದಲೇ ಕೂಗಿದೆ.

"ಯಾರದು ಒಳಗೆ?"

"ನಾನೇ ಕಣ್ ಸ್ವಾಮಿ, ಗಿರಣಿಯೋನು. ಬಾಗ್ಲು ಬಿಚ್ತಾ ಇವ್ನಿ."

"ನಿನಗೇನು ಬುದ್ಧಿ ಇದೆಯೇನೋ? ಬಾರೋ ಈಚೆಗೆ!"

"ನಂದೇ ಅಂದ್ರಲ್ಲ ಸ್ವಾಮಿ. ಬುಟ್ರೆ ಗ್ವಾಡೆ ಜೊತೆ ಬುದ್ದೋಯ್ತದೆ. ಇನ್ ಎಲ್ಡೇ ಮೊಳೆ, ಬಂದೆ—"

ಬಂದೆ ಎಂದ ಆ ಮಾತು ನನ್ನ ಕಿವಿಗೆ ಬೀಳುತ್ತಿದ್ದ ಹಾಗೆಯೇ ಸೂರಿನ ಹೆಂಚುಗಳು ಒಂದು ಸಲ ಗಲಗಲ ಎಂದವು. ನಾನು ಹದಿನೆಂಟು ರೂಪಾಯಿ ಕೊಡ್ತೀನಿ ಬಾರೋ ಎಂದು ಕಿರುಚಿದೆ. ಕೇಳಿಸಿತೋ ಇಲ್ಲವೋ. ದೊಡ್ಡ ಸದ್ದೇನೂ ಆಗಲಿಲ್ಲ. ಒದ್ದೆ ಮಣ್ಣು ಮೆತ್ತಗೆ ಕುಸಿಯಿತು. ಸದ್ದು ಬಂದದ್ದು ಆಮೇಲೆ, ದಿಮ್ಮಿಗಳು ಒಂದರ ಹಿಂದೆ ಒಂದು ಉರುಳಿ ಒಳಗೆ ಬಂದಾಗ. ನಾಲ್ಕರಿಂದ ಏಳರವರೆಗಿನ ಮನೆಗಳು ಇದ್ದ ಜಾಗದಲ್ಲಿ ಬರೀ ಮರ.

ಅವನನ್ನು ಹೊರತೆಗೆಯಲು ಸಂಜೆಯಾಯಿತು. ಬಾಗಿಲು ಮಾತ್ರ ಮುಕ್ಕಾಗದೆ ಅವನ ಮೇಲೆ ಬಿದ್ದಿತ್ತು. ಅದನ್ನೇ ಮಲಗಿಸಿ ಅವನನ್ನು ಅದರ ಮೇಲೆ ಎತ್ತಿಕೊಂಡು ಹೋದರು. ಅವನನ್ನು ಕೊಂದದ್ದು ಗೋಡೆ, ದಿಮ್ಮಿ, ಅಳಿಯನ ನಲವತ್ತು ರೂಪಾಯಿ. ನಾನು ಬರೆಯದೆ ಬಿಟ್ಟ ಒಂದು ಸಾಲು ಕೂಡ ಅವುಗಳ ಜೊತೆ ನಿಲ್ಲುತ್ತದೆ. ಇದನ್ನು ಬೇರೆ ಯಾರೂ ನನಗೆ ಹೇಳಿಲ್ಲ, ಹೇಳಬೇಕಾಗಿಯೂ ಇಲ್ಲ.

ಮೂರು ದಿನದ ಮೇಲೆ ತಾಲ್ಲೂಕು ಕಚೇರಿಯಲ್ಲಿ ಅಮಲ್ದಾರರು ವಿಚಾರಣೆ ಇಟ್ಟರು. ಬಾಡಿಗೆಯವರೆಲ್ಲ ಬಂದಿದ್ದರು. ಸತ್ತವನ ಹೆಂಡತಿ ಅಣ್ಣನ ಪಕ್ಕದಲ್ಲಿ ಗೋಡೆಗೆ ಒರಗದೆ ನೆಟ್ಟಗೆ ಕೂತಿದ್ದಳು. ಅಳಿಯ ಬಿಳಿ ಕೋಟು ಹಾಕಿಕೊಂಡು ಕಾರಿನಲ್ಲಿ ಬಂದ. ಉಳಿದವರು ಬದುಕಿದ್ದು ಹೇಗೆ ಎಂದು ಅಮಲ್ದಾರರು ಕೇಳಿದಾಗ ಮುದುಕಿ ಎದ್ದು ತನ್ನ ಕಾಗದವನ್ನು ಮೇಜಿನ ಮೇಲಿಟ್ಟಳು. ಅವರು ಓದಿ ಅದನ್ನು ಅಳಿಯನ ಕಡೆ ತಳ್ಳಿದರು.

"ಇದು ನಿಮ್ಮ ಅಪ್ಪಣೆ ಮೇಲೆ ಬರೆದಿದ್ದೇ?"

ಇದೇ ಮೊದಲ ಸಲ ಆತ ಆ ಕಾಗದವನ್ನು ನೋಡುತ್ತಿದ್ದದ್ದು. ನಿಧಾನವಾಗಿ ಓದಿದ. ಓದಿ ಮುಗಿಸಿ ನನ್ನ ಕಡೆ ತಿರುಗಿದ. ಇಲ್ಲ ಎಂದರೆ ನಾನು ಜೈಲಿಗೆ, ಎಂಟು ಸಂಸಾರ ಬೀದಿಗೆ.

"ಹೌದು ಸ್ವಾಮಿ. ಜನರ ಜೀವಕ್ಕಿಂತ ಬಾಡಿಗೆ ದೊಡ್ಡದೇ? ನಾನೇ ಹೇಳಿ ಬರೆಸಿದೆ," ಎಂದ.

ಅಮಲ್ದಾರರು ತಲೆದೂಗಿದರು. ಆಮೇಲೆ ನನ್ನನ್ನು ಕೇಳಿದರು. "ಹಾಗಾದರೆ ಗೋಡೆಯ ಸ್ಥಿತಿ ಇವರಿಗೆ ಯಾವತ್ತಿನಿಂದ ಗೊತ್ತಿತ್ತು? ಮೊದಲೇ ಗೊತ್ತಿದ್ದೂ ದಿಮ್ಮಿ ತೆಗೆಸದೆ ಬಿಟ್ಟಿದ್ದರೇ?"

ಅಳಿಯ ಆ ಕಾಗದವನ್ನು ಇನ್ನೂ ಕೈಯಲ್ಲೇ ಹಿಡಿದುಕೊಂಡಿದ್ದ. ಎರಡು ಬೆರಳಿನಲ್ಲಿ, ಹಗುರವಾಗಿ. ಯಜಮಾನಮ್ಮ ಬರೆದ ಎರಡು ಪತ್ರಗಳ ಮಾತು ನನ್ನ ಬಾಯಿಂದ ಬಂದರೆ, ಕಾಗದ ಬರೆಸಿದ್ದು ತಾನಲ್ಲ ಎಂಬ ಮಾತು ಅವನ ಬಾಯಿಂದ ಬರುತ್ತಿತ್ತು. ಮುದುಕಿ, ಉಳಿದವರು, ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಅವರಿಗೆ ಬೇಕಾಗಿದ್ದದ್ದು ಮನೆ. ಸತ್ತವನಿಗೆ ಬೇಕಾದದ್ದನ್ನು ಕೊಡುವುದು ಇನ್ನು ಯಾರಿಂದಲೂ ಸಾಧ್ಯವಿರಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

"ಮೊದಲು ಗೊತ್ತಿರಲಿಲ್ಲ ಸ್ವಾಮಿ. ನಾನು ಹೋಗಿ ಹೇಳಿದ ಮೇಲೆಯೇ ಗೊತ್ತಾಯಿತು. ಗೊತ್ತಾದ ಕೂಡಲೇ ಕಾಗದ ಬರೆಸಿದರು," ಎಂದೆ. ಕಚೇರಿಯ ಗುಮಾಸ್ತ ಬರೆದುಕೊಂಡ. ಕೆಳಗೆ ರುಜು ಹಾಕಿದೆ.

ಕಂಪಲಾಪುರದವರು ವ್ಯಾಪಾರದಿಂದ ಹಿಂದೆ ಸರಿದರು. ದಿಮ್ಮಿ ಬೇರೆ ಕಡೆ ಹೋಯಿತು, ಅಮಲ್ದಾರರ ಮುಂದೆ ಒಪ್ಪಿಕೊಂಡದ್ದರಿಂದ ಅಳಿಯ ಗೋಡೆ ಕಟ್ಟಿಸಲೇಬೇಕಾಯಿತು. ಬೇಸಗೆಯ ಹೊತ್ತಿಗೆ ಎಂಟು ಸಂಸಾರಗಳು ತಮ್ಮ ತಮ್ಮ ಮನೆಗೆ ವಾಪಸು ಬಂದವು. ಆರನೇ ಮನೆ ಮಾತ್ರ ಹೊಸಬರಿಗೆ ಹೋಯಿತು.

ಆದರೆ ಇದೆಲ್ಲ ಆದದ್ದು ಆಮೇಲೆ. ವಿಚಾರಣೆಯ ದಿನ ನಾನು ಕಚೇರಿಯ ಮೆಟ್ಟಿಲು ಇಳಿಯುವಾಗ ಆ ಹೆಣ್ಣುಮಗಳು ಕೆಳಗೆ ಒಬ್ಬಳೇ ನಿಂತಿದ್ದಳು. ಅಣ್ಣ ಗಾಡಿ ಕಟ್ಟಲು ಹೋಗಿದ್ದ. ನನ್ನನ್ನು ಕಂಡು ಸೆರಗು ಸರಿಮಾಡಿಕೊಂಡು ಎರಡು ಹೆಜ್ಜೆ ಮುಂದೆ ಬಂದಳು. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು.

"ಅಣ್ಣಾ, ಆ ಸಾವ್ಕಾರ್ರಿಗೆ ದಿಟವಾಗ್ಲೂ ಗೊತ್ತಿರ್ನಿಲ್ವಾ?"

ಸುತ್ತ ಯಾರೂ ಇರಲಿಲ್ಲ. ಅಮಲ್ದಾರರಿರಲಿಲ್ಲ, ಅಳಿಯನಿರಲಿಲ್ಲ, ಬರೆದುಕೊಳ್ಳುವವರಿರಲಿಲ್ಲ. ಒಳಗೆ ಹೇಳಿದ್ದು ಎಂಟು ಮನೆಗಳಿಗಾಗಿ ಎಂದು ನಾನು ಯಾರ ಮುಂದೆ ಬೇಕಾದರೂ ವಾದಿಸಬಲ್ಲೆ. ಇವಳಿಗೆ ನಿಜ ಹೇಳಿದ್ದರೆ ಯಾವ ಮನೆಯೂ ಬೀಳುತ್ತಿರಲಿಲ್ಲ. ಹೇಳಿದರೆ ಅವಳು ಮುಂದಿನದನ್ನೂ ಕೇಳುತ್ತಾಳೆ, ಅವನು ಯಾಕೆ ಬಾಗಿಲು ಬಿಚ್ಚಲು ಹೋದ ಎಂದು ಕೇಳುತ್ತಾಳೆ ಎಂಬ ಭಯ ಅಷ್ಟೇ.

"ಇಲ್ಲಮ್ಮ, ಗೊತ್ತಿರಲಿಲ್ಲ," ಎಂದೆ.

ಅವಳು ನಂಬಿದಳು. ತಲೆಯಾಡಿಸಿ, ನನಗೆ ಕೈಮುಗಿದು, ಗಾಡಿಯ ಕಡೆ ಹೊರಟುಹೋದಳು.